ಬೆಡೋಕ್ ಆಂಟಿಯ ಲಾಯರು

ಲಾಯರಿಗೆ ಫೋನ್ ಮಾಡುವ ಮೊದಲು ಆಂಟಿ ತಲೆ ಬಾಚಿಕೊಳ್ಳುತ್ತಿದ್ದರು. ಫೋನಿನಲ್ಲಿ ತಲೆ ಕಾಣುವುದಿಲ್ಲ ಎಂದು ನಾನೊಮ್ಮೆ ಹೇಳಿ ನೋಡಿದೆ. "ಅವಳಿಗೆ ಕಾಣ್ಲಿಕ್ಕಿಲ್ಲ. ನನಗೆ ಗೊತ್ತಾಗ್ತದಲ್ಲ" ಎಂದರು. ಆಮೇಲೆ ಊಟದ ಮೇಜಿನ ಮುಂದೆ ನೆಟ್ಟಗೆ ಕೂತು, ಸ್ಪೀಕರ್ ಗುಂಡಿ ಒತ್ತಿ, ಗಂಟಲು ಸರಿಮಾಡಿಕೊಂಡು, "ಹಲೋ, ಮೆಂಬರ್ ಸ್ಪೀಕಿಂಗ್" ಎನ್ನುತ್ತಿದ್ದರು. ಆ ದನಿ ಕೇಳಿದರೆ ಯಾವುದೋ ದೇಶದ ಪಾರ್ಲಿಮೆಂಟಿನ ಮೆಂಬರೇ ಇರಬೇಕು ಅನ್ನಿಸಬೇಕು.

ಕಳೆದ ಶನಿವಾರ ನಾನು ಸಿಂಗಪುರದ ಬೆಡೋಕ್‌ನಲ್ಲಿದ್ದ ಅವರ ಮನೆಯ ಬಾಡಿಗೆ ಕೋಣೆ ಖಾಲಿ ಮಾಡಿ, ಟುವಾಸ್‌ನ ನಮ್ಮ ಫ್ಯಾಕ್ಟರಿಗೆ ಹತ್ತಿರದಲ್ಲಿ ಬೇರೆ ಮನೆಗೆ ಬಂದೆ. ದಿನಚರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನಿಂದಲೂ ಇದೆ. ತಾರೀಕು ಹಾಕದೆ, ಬಸ್ಸು ಎಷ್ಟು ತಡವಾಯಿತು ಎಂದು ಬರೆಯದೆ ನನಗೆ ನಿದ್ದೆ ಹತ್ತುವುದಿಲ್ಲ. ಹೊಸ ಮನೆಯಲ್ಲಿ ಪೆಟ್ಟಿಗೆ ಬಿಚ್ಚಿ ಹಳೆಯ ಡೈರಿಗಳನ್ನು ಜೋಡಿಸುವಾಗ ಒಂದು ವಿಷಯ ಗಮನಕ್ಕೆ ಬಂತು. ಬೆಡೋಕ್‌ನಲ್ಲಿ ಕಳೆದ ವರ್ಷಗಳಲ್ಲಿ ನನ್ನ ಬಗ್ಗೆ ಬರೆದದ್ದಕ್ಕಿಂತ ಆಂಟಿಯ ಬಗ್ಗೆ ಬರೆದದ್ದೇ ಹೆಚ್ಚಾಗಿತ್ತು. ಲಾಯರಿಗೆ ಅವರು ಮಾಡಿದ ಫೋನುಗಳಿಗೆಂದು ಹಿಂದಿನ ಪುಟದಲ್ಲಿ ಎಳೆದ ಗೀಟುಗಳಂತೂ ಪುಟ ತುಂಬಿ ರಟ್ಟಿನ ಮೇಲೂ ಹತ್ತಿದ್ದವು.

ಅವರ ಹೆಸರು ಬರೆಯುತ್ತಿಲ್ಲ. ಬರೆಯಲೇ ಎಂದು ಕೇಳಿದ್ದೆ. "ಬರಿ. ಬರೆದ್ರೆ ಕೇಸ್ ಹಾಕ್ತೇನೆ. ನನ್ನ ಹತ್ರ ಲಾಯರ್ ಇದ್ದಾಳೆ, ನಿನ್ನ ಹತ್ರ ಯಾರಿದ್ದಾರೆ?" ಎಂದರು.

ಆಂಟಿ ಪಾಸಿರ್ ಪಂಜಾಂಗ್‌ನ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಕಂಟೇನರುಗಳ ಕಾಗದಪತ್ರ ನೋಡಿಕೊಳ್ಳುತ್ತಿದ್ದರು. ಊರು ಕಾರ್ಕಳದ ಕಡೆ, ಮನೆಮಾತು ತುಳು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆಲ್ಲ ಬೇರೆಬೇರೆ ಕಾರಣ ಹೇಳುತ್ತಿದ್ದರು. ನನಗೆ ಹೇಳಿದ್ದು, ಹುಡುಗ ನೋಡಲು ಬಂದ ದಿನ ತಾನು ಬಸ್ಸು ತಪ್ಪಿಸಿಕೊಂಡೆ ಎಂದು. ನಮ್ಮ ಮಹಡಿಯ ಇನ್ನೊಬ್ಬ ಆಂಟಿಗೆ ಹೇಳಿದ್ದು, ಹುಡುಗ ಮೀನು ತಿನ್ನುತ್ತಿರಲಿಲ್ಲ ಎಂದು. ಮೈಸೂರಿನವನಾದ ನನ್ನನ್ನು ಮೊದಲ ದಿನದಿಂದಲೇ "ಏ ಮೈಸೂರು" ಎಂದು ಕರೆದರು, ಕೊನೆಯ ದಿನವೂ ಹಾಗೆಯೇ ಕರೆದು ಕಳಿಸಿದರು.

ಬಂದರಿನಲ್ಲಿ ಹಡಗುಗಳು ಸರದಿ ಕಾಯುತ್ತಿದ್ದ ಕಾಲ. ಎಲ್ಲರ ಕೈಗೂ ಓವರ್‌ಟೈಮ್ ಹಣ ಬರುತ್ತಿತ್ತು. ಆ ವಾಸನೆ ಹಿಡಿದು ಊಟದ ಹೊತ್ತಿಗೆ ಆಂಟಿಯ ಆಫೀಸಿಗೆ ಏನೇನೋ ಮಾರುವವರು ಬರುತ್ತಿದ್ದರು: ಇನ್ಶೂರೆನ್ಸು, ಜಿಮ್ಮು, ಇನ್ನೂ ಕಟ್ಟದ ಕಾಂಡೋ ಫ್ಲ್ಯಾಟು. ಒಬ್ಬ ಹುಡುಗ ಪ್ರೀಪೇಯ್ಡ್ ಲೀಗಲ್ ಪ್ಲಾನ್ ತಂದ. ವರ್ಷಕ್ಕೊಮ್ಮೆ ಹಣ ಕಟ್ಟಿದರೆ ಸಾಕು, ಎಷ್ಟು ಸಲ ಬೇಕಾದರೂ ಲಾಯರಿಗೆ ಫೋನ್ ಮಾಡಿ ಕೇಳಬಹುದು. ಕಾಗದ ಬರೆಸಬಹುದು. ಕೆಲವು ವಿಷಯಗಳಿಗೆ ಅವರೇ ಕೋರ್ಟಿಗೂ ಬರುತ್ತಾರೆ. ಆಫೀಸಿನವರು ವಿಲ್ ಬರೆಸಲು, ಫ್ಲ್ಯಾಟಿನ ಪತ್ರ ಓದಿಸಲು ಎಂದು ಸೇರಿಕೊಂಡರು. ಆಂಟಿ ಮಾತ್ರ ಆ ಹುಡುಗ ಕೊಟ್ಟ ಪುಸ್ತಿಕೆಯನ್ನು ಹಿಂದಿನಿಂದ ಓದಲು ಶುರುಮಾಡಿದರು. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ, ಅಪರೂಪಕ್ಕೆ ಬರುವ ತಾಪತ್ರಯಗಳು ಇದ್ದವು. ಹೆಸರು ಬದಲಾವಣೆ, ದತ್ತು, ಸಾಕುಪ್ರಾಣಿ, ನೆರೆಮನೆಯ ಗದ್ದಲ ಇತ್ಯಾದಿ.

"ಮೊದಲನೇ ಪುಟದ್ದು ಎಲ್ಲರಿಗೂ ಬರ್ತದೆ ಮಾರಾಯ" ಎಂದರು ನನಗೆ, ಆ ಸಂಜೆ ಪುಸ್ತಿಕೆ ತೋರಿಸುತ್ತ. "ಹೋಟ್ಲಲ್ಲೂ ಹಾಗೆ, ಮೆನುವಿನ ಕೊನೆ ಪುಟದಲ್ಲೇ ಒಳ್ಳೇದಿರೋದು."

"ಆಂಟಿ, ನಿಮಗೆ ಇದರಲ್ಲಿ ಯಾವ ತಾಪತ್ರಯ ಇದೆ?"

"ಈಗ ಇಲ್ಲ. ಬರ್ತದೆ. ದುಡ್ಡು ಕಟ್ಟಿದ್ದೇನಲ್ಲ!"

ಮೊದಲು ಬಂದದ್ದು ಹಕ್ಕಿಯ ತಾಪತ್ರಯ. ಎದುರುಮನೆಯ ಚೀನೀ ಅಜ್ಜ ಕಾರಿಡಾರಿನಲ್ಲಿ ಒಂದು ಮೈನಾ ಸಾಕಿದ್ದ. ಅದು ಆಂಟಿಯ ಕುಕ್ಕರಿನ ಸೀಟಿಯನ್ನು ಕಲಿತುಬಿಟ್ಟಿತು. ಒಳಗಿನ ಕೋಣೆಯಲ್ಲಿ ಬಟ್ಟೆ ಮಡಿಸುತ್ತ ಸೀಟಿ ಎಣಿಸುವ ಆಂಟಿ, ಹಕ್ಕಿಯ ಸೀಟಿಯನ್ನೂ ಸೇರಿಸಿ ಎಣಿಸಿ, ಬೇಗ ಒಲೆ ಆರಿಸುತ್ತಿದ್ದರು. ಬೇಳೆ ಬೇಯುತ್ತಿರಲಿಲ್ಲ. ತಲೆ ಬಾಚಿಕೊಂಡು ಫೋನ್ ಮಾಡಿದರು. ಅತ್ತ ಕಡೆಯ ಲಾಯರು ಒಬ್ಬ ಚೀನೀ ಹುಡುಗಿ, ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಬಹಳ ಗಂಭೀರವಾಗಿ ಕೇಳಿದಳು, "ಹಕ್ಕಿಯಿಂದ ನಿಮಗೆ ಆದ ನಷ್ಟ ಏನು, ಮೇಡಂ?"

"ಸಾಂಬಾರು" ಎಂದರು ಆಂಟಿ.

ಮೊದಲು ನೆರೆಯವರ ಹತ್ತಿರ ಮಾತಾಡಿ ನೋಡಿ, ಕೈಯಲ್ಲಿ ಏನಾದರೂ ಸಾಕ್ಷಿ ಇಟ್ಟುಕೊಳ್ಳಿ ಎಂದು ಅವಳು ಸಲಹೆ ಕೊಟ್ಟಳು. ಆಂಟಿ ಬೇಯದ ಸಾಂಬಾರನ್ನೇ ಡಬ್ಬಕ್ಕೆ ಹಾಕಿ ಎದುರುಮನೆಗೆ ಕೊಟ್ಟು ಬಂದರು. ಅಜ್ಜ ಅದನ್ನು ತಿಂದು, ಡಬ್ಬ ತೊಳೆದು, ಒಳಗೆ ಕಿತ್ತಳೆ ಹಣ್ಣಿಟ್ಟು ವಾಪಸು ಕಳಿಸಿದ. "ಸಾಕ್ಷಿ ನಾಶ ಆಯ್ತು" ಎಂದು ಆಂಟಿ ಲಾಯರಿಗೆ ವರದಿ ಒಪ್ಪಿಸಿದರು. ಅವಳು ನಕ್ಕದ್ದು ಸ್ಪೀಕರಿನಲ್ಲಿ ನನಗೂ ಕೇಳಿತು. ಅಲ್ಲಿಂದ ಮುಂದೆ ಸರದಿಯಲ್ಲಿ ಬೇರೆ ಲಾಯರು ಸಿಕ್ಕಿದರೆ ಆಂಟಿ ಫೋನ್ ಇಟ್ಟು ಮತ್ತೆ ಮಾಡುತ್ತಿದ್ದರು, ಅವಳೇ ಬೇಕು ಎಂದು.

ಡ್ರೈಕ್ಲೀನಿಂಗಿನವನು ನನ್ನ ಕೋಟು ಕಳೆದಾಗ ನನಗೂ ಆ ಲಾಯರನ್ನು ಕೊಡಿಸಲು ನೋಡಿದರು. ಪ್ಲಾನು ಮೆಂಬರಿಗೆ ಮತ್ತು ಅವರ ಫ್ಯಾಮಿಲಿಗೆ ಮಾತ್ರ ಎಂದಳು ಅವಳು.

"ಬಾಡಿಗೆಗಿರೋ ಹುಡುಗ ಫ್ಯಾಮಿಲಿ ಅಲ್ವಾ? ದಿನಾ ನನ್ನ ಕೈ ಅನ್ನ ತಿಂತಾನೆ. ಉಪ್ಪು ಜಾಸ್ತಿ ಅಂತ ಬೇರೆ ಹೇಳ್ತಾನೆ. ಇನ್ನೇನಾಗ್ಬೇಕು?"

ಕಾನೂನಿನಲ್ಲಿ ಹಾಗೆ ಬರುವುದಿಲ್ಲ ಎಂದಳು ಅವಳು. ಕಾನೂನಿಗೆ ಅನ್ನ ಬಡಿಸಿ ಗೊತ್ತಿಲ್ಲ ಎಂದು ಆಂಟಿ ಫೋನ್ ಇಟ್ಟರು.

ಶ್ರಾವ್ಯ ಎಂಬ ಹುಡುಗಿಯ ವಿಷಯ ಇನ್ನೂ ಹೇಳಿಲ್ಲ. ಆಂಟಿಯ ತೀರಿಹೋದ ತಂಗಿಯ ಮಗಳು. ತಾಯಿ ಹೋದ ಮೇಲೆ ಆಂಟಿಯೇ ಊರಿಗೆ ಹೋಗಿ ಕರೆದುಕೊಂಡು ಬಂದಿದ್ದರು. ಬೆಡೋಕ್‌ನಲ್ಲೇ ಪ್ರೈಮರಿ ಶಾಲೆ. ತಂದೆಗೆ ಮಸ್ಕತ್‌ನಲ್ಲಿ ಕೆಲಸ. ಅಲ್ಲಿ ನಾಲ್ಕು ಜನ ಗಂಡಸರ ಜೊತೆ ಕಂಪನಿಯ ಕೋಣೆಯಲ್ಲಿ ವಾಸ. ಪ್ರತಿ ಶುಕ್ರವಾರ ಮಗಳಿಗೆ ಫೋನ್ ಮಾಡುತ್ತಿದ್ದರು. ಹುಡುಗಿ ಆಂಟಿಯನ್ನು ದೊಡ್ಡಮ್ಮ ಎನ್ನುತ್ತಿದ್ದಳು. ಮನೆಯಲ್ಲಿ ತುಳು, ನನ್ನೊಡನೆ ಕನ್ನಡ, ಉಳಿದ ಲೋಕದೊಡನೆ ಮಾತಿನ ಕೊನೆಗೆ 'ಲಾ' ಹಚ್ಚುವ ಸಿಂಗಪುರದ ಇಂಗ್ಲಿಷು. ಈ ಮೂರನ್ನೂ ಒಂದೇ ವಾಕ್ಯದೊಳಗೆ ಕೂರಿಸುವ ತಾಕತ್ತು ಅವಳಿಗಿತ್ತು.

ಆ ವರ್ಷ ಅವಳು ಇಲ್ಲಿರಲು ಬೇಕಾದ ಪಾಸ್ ಮುಂದುವರಿಸುವಾಗ ತೊಡಕು ಬಂತು. ಇಲ್ಲೇ ಉಳಿಯಬೇಕಾದರೆ ಕಾನೂನಿನ ಪ್ರಕಾರ ತಾಯಿ ಅಥವಾ ತಂದೆ ಎನ್ನಿಸಿಕೊಂಡವರು ಇಲ್ಲಿರಬೇಕು. ಇಲ್ಲವೆಂದರೆ ಶಾಲೆಯ ವರ್ಷ ಮುಗಿದ ಮೇಲೆ ಹುಡುಗಿ ಊರಿಗೆ ಹೋಗಿ ಹಾಸ್ಟೆಲ್ ಸೇರಬೇಕು. ಆಂಟಿ ಲಾಯರಿಗೆ ಫೋನ್ ಮಾಡಿದರು. ಅವಳೆಂದಳು, "ದತ್ತು ತೆಗೆದುಕೊಳ್ಳಬಹುದು. ಅದು ನಿಮ್ಮ ಪ್ಲಾನಿನಲ್ಲಿ ಇದೆ, ಕೊನೆಯ ಪುಟ."

"ದತ್ತಾ? ನಮ್ಮದೇ ಮಗುವನ್ನ ನಾನ್ಯಾಕೆ ದತ್ತು ತಗೊಳ್ಲಿ?" ಎಂದು ಆಂಟಿ ನನ್ನ ಮುಖ ನೋಡಿದರು. ಆಮೇಲೆ ಸ್ಪೀಕರಿನ ಕಡೆ ತಿರುಗಿ, "ಓಕೆ. ಏನು ಬೇಕು ಹೇಳು" ಎಂದರು.

ಬೇಕಾದ ಹಲವು ಕಾಗದಗಳಲ್ಲಿ ಮುಖ್ಯವಾದದ್ದು ಮಗುವಿನ ಹಿರಿಯರ ಒಪ್ಪಿಗೆ, ನೋಟರಿಯ ಮುಂದೆ ಸಹಿ ಮಾಡಿದ್ದು. ಅಷ್ಟೇನಾ ಎಂದು ಆಂಟಿ ಆ ದಿನವೇ ಊರಿಗೆ ಫೋನ್ ಮಾಡಿದರು. ಎರಡು ವಾರದಲ್ಲಿ ಕೊರಿಯರ್ ಬಂತು. ಮುದ್ರೆಯ ಮೇಲೆ ಮುದ್ರೆ ಒತ್ತಿದ, ದಪ್ಪ ಕಾಗದದ ಅಫಿಡವಿಟ್. ಅದನ್ನು ಪ್ಲಾಸ್ಟಿಕ್ ಫೋಲ್ಡರಿಗೆ ಹಾಕಿ, ಶನಿವಾರ ನನ್ನನ್ನೂ ಕರೆದುಕೊಂಡು ಲಾಯರ ಆಫೀಸಿಗೆ ಹೋದರು. ಅವಳನ್ನು ಮುಖತಃ ನೋಡಿದ್ದು ಅದೇ ಮೊದಲು. "ಇಷ್ಟು ಸಣ್ಣವಳಾ ನೀನು! ಊಟ ಮಾಡ್ತೀಯೋ ಇಲ್ವೋ?" ಎಂದೇ ಮಾತು ಶುರು.

ಅವಳು ಕಾಗದ ಓದಿದಳು. ಮತ್ತೊಮ್ಮೆ ಓದಿದಳು.

"ಮೇಡಂ, ಇದಕ್ಕೆ ಸಹಿ ಮಾಡಿದವರು ಯಾರು?"

"ನನ್ನ ಅಣ್ಣ. ಮಗುವಿನ ಮಾವ."

"ಮಗುವಿನ ತಂದೆ?"

"ಮಸ್ಕತ್‌ನಲ್ಲಿದ್ದಾರೆ."

"ಅವರ ಒಪ್ಪಿಗೆ ಎಲ್ಲಿ?"

"ಅವರದ್ದ್ಯಾಕೆ?" ಆಂಟಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಅವರು ಬೇರೆ ಮನೆಯವರಲ್ವಾ!"

ಆಂಟಿಯ ಮನೆತನದಲ್ಲಿ ಅಳಿಯಕಟ್ಟು. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು, ತಾಯಿಯ ಅಣ್ಣನೇ ಯಜಮಾನ. ಕಿವಿ ಚುಚ್ಚಿಸುವುದರಿಂದ ಮದುವೆಯ ಮಾತಿನವರೆಗೆ ಅವನ ಒಪ್ಪಿಗೆಯೇ ಒಪ್ಪಿಗೆ. ಹಿರಿಯರ ಸಹಿ ಎಂದ ಕೂಡಲೇ ಆಂಟಿಗೆ ಹೊಳೆದದ್ದು ಅಣ್ಣ ಒಬ್ಬರೇ. ಆ ಅಣ್ಣನೂ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು, ನೋಟರಿಯ ಮುಂದೆ ಕೂತು, ನಮ್ಮ ಮನೆಯ ಮಗು ನಮ್ಮ ಮನೆಯಲ್ಲೇ ಇರತಕ್ಕದ್ದು ಎಂದು ಬರೆಸಿದ್ದರು. ಲಾಯರು ಹಣೆ ಉಜ್ಜಿಕೊಂಡು ಹೇಳಿದಳು: ಇಲ್ಲಿನ ಕೋರ್ಟಿಗೆ ಮಾವ ಯಾರೂ ಅಲ್ಲ, ತಂದೆ ಸಹಿ ಮಾಡಲೇಬೇಕು.

ಅಂದು ಸಂಜೆಯೇ ಆಂಟಿ ಮಸ್ಕತ್‌ಗೆ ಫೋನ್ ಮಾಡಿದರು. ಮಾತೆಲ್ಲ ತುಳುವಿನಲ್ಲಿ. ಮುಗಿದ ಮೇಲೆ ನನಗಾಗಿ ಕನ್ನಡದಲ್ಲಿ ಇಡೀ ಸಂಭಾಷಣೆಯನ್ನು ಅಭಿನಯಿಸಿ ತೋರಿಸುವುದು ಅವರ ಪದ್ಧತಿ. ಮೇಜಿನ ಈ ಬದಿಯಲ್ಲಿ ನಿಂತರೆ ಆಂಟಿ, ಆ ಬದಿಗೆ ಹೋದರೆ ಶ್ರಾವ್ಯಳ ತಂದೆ.

"ಅವರು ಹೇಳ್ತಾರೆ, 'ನಾನು ಹೇಗೆ ಸೈನ್ ಮಾಡ್ಲಿ ಅತ್ತಿಗೆ? ದೊಡ್ಡ ಭಾವ ಹೇಳ್ಬೇಕಲ್ಲ. ನಾಳೆ ನಾನು ಯಜಮಾನಿಕೆ ಮಾಡಿದೆ ಅಂತ ಆಗ್ಬಾರ್ದು.' ಸರಿ, ನಾನು ಅಣ್ಣನಿಗೆ ಮಾಡಿದೆ." ಇಲ್ಲಿ ಆಂಟಿ ಎದೆ ಉಬ್ಬಿಸಿ ಅಣ್ಣನಾದರು. "'ಏನು ಮಾರಾಯ್ತಿ, ನನ್ನ ಸೈನ್ ಸಾಲ್ದಾ? ಅಷ್ಟು ದೊಡ್ಡ ಮುದ್ರೆ ಹಾಕಿಸಿದ್ದೇನೆ! ಅವನತ್ರ ಕೇಳುದಾದ್ರೆ ನನ್ನತ್ರ ಯಾಕೆ ಕೇಳಿದ್ದು?'"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಂಟಿಯೂ ನಕ್ಕರು. ಮುಂದಿನ ವಾರವೂ ಅದೇ ಉತ್ತರಗಳು ಬಂದಾಗ ನಗು ಕಡಿಮೆಯಾಯಿತು. ಭಾವನ ಮಾತಿಲ್ಲದೆ ತಂದೆ ಸಹಿ ಮಾಡುವುದಿಲ್ಲ, ತನ್ನ ಸಹಿಗೆ ಬೆಲೆಯಿಲ್ಲದ ಕಡೆ ಅಣ್ಣ ಮಾತೇ ಆಡುವುದಿಲ್ಲ. ಇಬ್ಬರಿಗೂ ಹುಡುಗಿ ಬೆಡೋಕ್‌ನಲ್ಲೇ ಇರಬೇಕು ಎಂಬ ಆಸೆ. ಇಬ್ಬರೂ ಮರ್ಯಾದಸ್ಥರು. ಶಾಲೆಯ ವರ್ಷವಂತೂ ಮುಗಿಯುತ್ತ ಬಂದಿತ್ತು, ಕೋರ್ಟಿಗೆ ಅರ್ಜಿ ಹಾಕಲು ಲಾಯರು ಹೇಳಿದ್ದ ಗಡುವೂ ಹತ್ತಿರ ಬಂದಿತ್ತು.

ಆ ದಿನಗಳಲ್ಲಿ ಆಂಟಿ ಶ್ರಾವ್ಯಳ ಯೂನಿಫಾರ್ಮಿಗೆ ಎರಡೆರಡು ಸಲ ಇಸ್ತ್ರಿ ಹಾಕುತ್ತಿದ್ದರು. ಅಡುಗೆಮನೆಯಲ್ಲಿ ರೇಡಿಯೋ ಹಾಕುತ್ತಿರಲಿಲ್ಲ. ಒಂದು ಸಂಜೆ ನಮ್ಮ ಕಟ್ಟಡದ ಕೆಳಗಿನ ಖಾಲಿ ಅಂಗಳ ವಾಯ್ಡ್ ಡೆಕ್ಕಿನಲ್ಲಿ ನನಗಾಗಿ ಕಾದಿದ್ದ ಹುಡುಗಿ ಕೇಳಿದಳು, "ಅಂಕಲ್, ಹಾಸ್ಟೆಲ್‌ನಲ್ಲಿ ಬೆಡ್ ಹತ್ರ ಫ್ಯಾನ್ ಇರ್ತದಾ? ದೊಡ್ಡಮ್ಮನಿಗೆ ಕೇಳ್ಬೇಡಿ, ಅವರು ಸ್ಯಾಡ್ ಆಗ್ತಾರೆ ಲಾ." ನಾನು ಇರುತ್ತದೆ ಎಂದೆನೋ ಗೊತ್ತಿಲ್ಲ ಎಂದೆನೋ, ಡೈರಿಯಲ್ಲಿ ಬರೆದಿಲ್ಲ. ಮೇಲೆ ಬಂದು ಆಂಟಿಗೆ ಹೇಳಿಬಿಟ್ಟೆ.

ಆಂಟಿ ಸಿಂಕಿನ ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡರು. ಆಮೇಲೆ ಬಾಚಣಿಗೆ ತೆಗೆದುಕೊಂಡರು.

"ಹಲೋ, ಮೆಂಬರ್ ಸ್ಪೀಕಿಂಗ್. ಪ್ಲಾನಿನಲ್ಲಿ ಲೆಟರ್ ಬರೆದು ಕೊಡ್ತೀರಿ ಅಲ್ವಾ?"

"ಹೌದು ಮೇಡಂ. ಯಾರಿಗೆ?"

"ನನ್ನ ಅಣ್ಣನಿಗೆ. ನಿಮ್ಮ ಆಫೀಸಿನ ಲೆಟರ್‌ಹೆಡ್‌ನಲ್ಲಿ."

"ಅವರ ಮೇಲೆ ಏನು ದೂರು?"

"ದೂರಲ್ಲ ಮಾರಾಯ್ತಿ. ಪರ್ಮಿಷನ್ ಕೇಳ್ಬೇಕು. 'ಕುಟುಂಬದ ಯಜಮಾನರಾದ ತಾವು ದಯವಿಟ್ಟು ಮಗುವಿನ ತಂದೆಗೆ ಸಹಿ ಮಾಡಲು ಅಪ್ಪಣೆ ಕೊಡಬೇಕು, ತಮ್ಮ ಅಪ್ಪಣೆ ಇಲ್ಲದೆ ಕೆಲಸ ಮುಂದೆ ಹೋಗ್ತಾ ಇಲ್ಲ' ಅಂತ. ಮುಂದೆ ಹೋಗ್ತಾ ಇಲ್ಲ ಅನ್ನೋದು ಸತ್ಯವೇ ತಾನೆ?"

ಇಂಥ ಪತ್ರವನ್ನು ತಮ್ಮ ಆಫೀಸಿನಲ್ಲಿ ಯಾರೂ ಬರೆದಿಲ್ಲ ಎಂದಳು ಅವಳು. ಕೊನೆಯ ಪುಟದ್ದು ಎಂದ ಮೇಲೆ ಹೊಸದೇ ಇರುತ್ತದೆ ಎಂದರು ಆಂಟಿ. ಲಾಯರು ಹುಡುಗಿ ಬರೆದಳು, ಬಹಳ ಚೆನ್ನಾಗಿ ಬರೆದಳು. ಅಣ್ಣನ ಅಫಿಡವಿಟ್ಟನ್ನು ಅರ್ಜಿಯ ಜೊತೆ ಲಗತ್ತಿಸಿ ಕೋರ್ಟಿಗೆ ಒಪ್ಪಿಸುತ್ತೇವೆ ಎಂದು ತಾನಾಗಿಯೇ ಒಂದು ಸಾಲು ಸೇರಿಸಿದಳು, ಹಾಗೆಯೇ ಮಾಡಿದಳು ಕೂಡ.

ಸಿಂಗಪುರದಿಂದ ಬಂದ ಆ ಪತ್ರವನ್ನು ಅಣ್ಣ ಪೇಟೆಯ ಮೇಷ್ಟರ ಹತ್ತಿರ ಓದಿಸಿ, ಅರ್ಥ ಹೇಳಿಸಿಕೊಂಡು, ಮತ್ತೊಮ್ಮೆ ಓದಿಸಿದರಂತೆ. ಗೋಡೆಗೆ ಹಾಕಲು ಕಟ್ಟು ಹಾಕಿಸಿದರಂತೆ. ಅವತ್ತೇ ಮಸ್ಕತ್‌ಗೆ ಫೋನ್ ಹೋಯಿತು. "ಇನ್ನೂ ಯಾಕೆ ಸೈನ್ ಮಾಡ್ಲಿಲ್ಲ ನೀನು? ಮಗುವಿನ ವಿಷಯದಲ್ಲಿ ಇಷ್ಟು ಉದಾಸೀನ ಮಾಡ್ತಾರಾ?" ಎಂದು ತಂದೆಗೇ ಬೈದರು. ಇದನ್ನು ಅಭಿನಯಿಸಿ ತೋರಿಸುವಾಗ ಆಂಟಿ ಮೇಜಿನ ಎರಡೂ ಬದಿಗೆ ಓಡಾಡಿ ಏದುಸಿರು ಬಿಟ್ಟರು.

ತಂದೆ ಸಹಿ ಮಾಡುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿದರಂತೆ. ಅದನ್ನು ಮಾತ್ರ ಆಂಟಿ ಕೂತುಕೊಂಡೇ ಹೇಳಿದರು. "'ಆಮೇಲೂ ಅವಳು ನನ್ನನ್ನ ಅಪ್ಪ ಅಂತ ಕರೀಬಹುದಾ ಅತ್ತಿಗೆ?' ಅಂದ್ರು. ಮತ್ತಿನ್ನೇನು ಕರೀತಾಳೆ ಅಂದೆ. ಶುಕ್ರವಾರದ ಫೋನ್ ತಪ್ಪಿದ್ರೆ ನೋಡಿ ಅಂದೆ."

ಆಮೇಲಿನದೆಲ್ಲ ಬೇಗ ನಡೆಯಿತು. ಮನೆ ನೋಡಲು ಅಧಿಕಾರಿಯೊಬ್ಬರು ಬಂದರು. ಆಂಟಿ ಅವರಿಗೆ ನೀರುದೋಸೆ ಬಡಿಸಿದರು. ಅವರು ಬೇಡ ಬೇಡ ಎನ್ನುತ್ತಲೇ ತಿಂದರು. ಕೋರ್ಟಿನ ದಿನಕ್ಕೆ ರಜೆ ಹಾಕಿ ತಂದೆ ಮಸ್ಕತ್‌ನಿಂದ ಬಂದರು. ತೆಳ್ಳಗಿನ, ಮೆತ್ತಗೆ ಮಾತಾಡುವ ಮನುಷ್ಯ, ಕಿಸೆಯಲ್ಲಿ ಎರಡು ಪೆನ್ನು. ನಾನೂ ಫ್ಯಾಕ್ಟರಿಗೆ ರಜೆ ಹಾಕಿದ್ದೆ. ನನ್ನನ್ನು ಒಳಗೆ ಬಿಡಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತು ಗೋಡೆ ಗಡಿಯಾರ ನೋಡುತ್ತಿದ್ದೆ.

ಬಾಗಿಲು ತೆರೆದಾಗ ಮೊದಲು ಹೊರಗೆ ಬಂದವಳು ಲಾಯರು. ಎರಡೂ ಹೆಬ್ಬೆರಳು ಎತ್ತಿ ತೋರಿಸಿದಳು. ಹಿಂದೆ ಆಂಟಿ, ಹೊಸ ಸೀರೆ ಉಟ್ಟು, ಶ್ರಾವ್ಯಳ ಕೈ ಗಟ್ಟಿಯಾಗಿ ಹಿಡಿದುಕೊಂಡು. "ಆಯ್ತು ಮೈಸೂರು" ಎಂದರು. ತಂದೆ ಎಲ್ಲರಿಗಿಂತ ಹಿಂದೆ, ಯಾರದೋ ಮದುವೆಗೆ ಬಂದ ದೂರದ ನೆಂಟರ ಹಾಗೆ, ಗೋಡೆಗೆ ಒತ್ತಿ ನಿಂತಿದ್ದರು.

ಶ್ರಾವ್ಯ ಲಾಯರ ತೋಳು ಜಗ್ಗಿ ಇಂಗ್ಲಿಷಿನಲ್ಲಿ ಕೇಳಿದಳು, "ನನಗೊಂದು ಲೀಗಲ್ ಕ್ವೆಶ್ಚನ್ ಇದೆ. ಇನ್ನು ಮೇಲೆ ನನ್ನ ರಿಪೋರ್ಟ್ ಬುಕ್ಕಿಗೆ ಯಾರು ಸೈನ್ ಮಾಡ್ಬೇಕು?"

"ಇನ್ನು ಮೇಲೆ ನಿನ್ನ ದೊಡ್ಡಮ್ಮ."

"ಅಪ್ಪ ಕೂಡ ಮಾಡಿದ್ರೆ? ಇಲೀಗಲ್ಲಾ?"

ಲಾಯರು ಮಂಡಿಯೂರಿ ಅವಳ ಎತ್ತರಕ್ಕೆ ಬಂದಳು. "ನನಗೆ ಗೊತ್ತಿರುವ ಯಾವ ಕಾನೂನೂ ಬೇಡ ಅನ್ನುವುದಿಲ್ಲ."

ಹುಡುಗಿ ಬ್ಯಾಗಿನಿಂದ ರಿಪೋರ್ಟ್ ಬುಕ್ ತೆಗೆದಳು. ಮೊದಲು ಆಂಟಿ ಸಹಿ ಮಾಡಿದರು. ಆಮೇಲೆ ಪುಸ್ತಕ ತಂದೆಯ ಕೈಗೆ ಹೋಯಿತು. ಅವರು ಪೆನ್ನಿನ ಮುಚ್ಚಳ ತೆಗೆದು, ನಿಂತು, ಆಂಟಿಯ ಕಡೆ ನೋಡಿದರು.

"ದೊಡ್ಡ ಭಾವನಿಗೆ ಒಂದು ಮಾತು..."

"ಬೇಡ" ಎಂದರು ಆಂಟಿ. "ನೀವು ಮಾಡಿ."

ಅವರು ಪುಸ್ತಕವನ್ನು ಗೋಡೆಗೆ ಆನಿಸಿ, ಒಂದೊಂದೇ ಅಂಕವನ್ನು ಓದಿದರು. ಆಮೇಲೆ ತಮ್ಮ ಪೂರ್ತಿ ಹೆಸರನ್ನು ನಿಧಾನವಾಗಿ ಬರೆದರು. ಚೌಕ ಸಾಲದೆ ಕೊನೆಯ ಅಕ್ಷರಗಳು ಹೊರಗೆ ಹೋದವು.

"ಗಣಿತ ಸ್ವಲ್ಪ ಕಮ್ಮಿ ಆಯ್ತಲ್ಲ ಮಗಾ" ಎಂದರು, ಸ್ವಲ್ಪ ಧೈರ್ಯ ಮಾಡಿ.

"ಅಪ್ಪ, ಬಯ್ಯೋದು ಮಾವನ ಕೆಲಸ ಲಾ" ಎಂದಳು ಶ್ರಾವ್ಯ. "ನೀವು ಸೈನ್ ಮಾತ್ರ ಮಾಡಿ."

ಆಂಟಿಗೆ ತಡೆಯಲಾಗಲಿಲ್ಲ. ಕಾರಿಡಾರಿನ ಆ ತುದಿಗೆ ಕೇಳುವಂತೆ ನಕ್ಕರು. ತಂದೆಯೂ ನಕ್ಕರು, ಮೊದಲು ಮೆತ್ತಗೆ, ಆಮೇಲೆ ಜೋರಾಗಿ. ಬಾಗಿಲಲ್ಲಿದ್ದ ಗಾರ್ಡು ಬಂದು ತುಟಿಯ ಮೇಲೆ ಬೆರಳಿಟ್ಟು, ಕೋರ್ಟು ನಡೆಯುತ್ತಿದೆ ಮೇಡಂ, ಎಂದ. ಆಂಟಿ ಕಣ್ಣೊರೆಸಿಕೊಂಡು ಲಾಯರ ಕಡೆ ತಿರುಗಿದರು.

"ಇಲ್ಲಿ ನಗಬಾರ್ದು ಅಂತ ರೂಲ್ ಇದೆಯಾ? ಸರಿಯಾಗಿ ನೋಡಿ ಹೇಳು, ನಾನು ಮೆಂಬರ್."

ಲಾಯರು ಫೈಲಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು.